ಹಡಗು ಮುಳುಗಿಸಿದ್ದು ಝೀರೋ ಅಲ್ಲ, ಕೇಟ್

ಪರ್ಲ್ ಹಾರ್ಬರ್ (1941ರಲ್ಲಿ ಜಪಾನ್ ದಾಳಿ ಮಾಡಿದ ಅಮೆರಿಕದ ನೌಕಾನೆಲೆ) ಲೇಖನದಲ್ಲಿ ಬರೀ ಜಪಾನಿನ ಝೀರೋ ಫೈಟರ್ ವಿಮಾನದ ಬಗ್ಗೆನೇ ಬರ್ದಿದೀರಿ, ಟಾರ್ಪಿಡೊ, ಅಂದ್ರೆ ನೀರೊಳಗೆ ಹೋಗಿ ಹಡಗಿಗೆ ಹೊಡೆಯೋ ಸಿಡಿತಲೆ, ಹಾಕಿದ ವಿಮಾನ ಯಾವ್ದು, ಅಷ್ಟು ಒಳ್ಳೇದಾಗಿದ್ರೆ ಆಮೇಲೆ ಯಾಕೆ ಕಾಣೆಯಾಯ್ತು ಅಂತ ಕೇಳಿದೀರಿ. ನಿಮ್ಮ ತಕರಾರು ಸರಿ ಸರ್, ಅದನ್ನ ಬಿಟ್ಟಿದ್ದು ನಮ್ಮ ತಪ್ಪು.

ಅದು ನಕಾಜಿಮಾ ಬಿ5ಎನ್, ಅಮೆರಿಕದವರು ಇಟ್ಟ ಹೆಸರು ಕೇಟ್. 1937ರ ಜನವರಿಯಲ್ಲಿ ಮೊದಲ ಸಲ ಹಾರಿದ್ದು. ಒಳಗೆ ಮೂರು ಜನ: ಪೈಲಟ್, ದಾರಿ ನೋಡಿ ಬಾಂಬ್ ಹಾಕೋನು, ಹಿಂದುಗಡೆ ರೇಡಿಯೋ ಜೊತೆಗೆ ಒಂದೇ ಒಂದು 7.7 ಎಂಎಂ ಮೆಷಿನ್ ಗನ್ ಹಿಡ್ಕೊಂಡವನು. ಹೊಟ್ಟೆ ಕೆಳಗೆ ಸುಮಾರು 800 ಕೆಜಿ ಟಾರ್ಪಿಡೊ. ಪರ್ಲ್ ಹಾರ್ಬರ್‌ನಲ್ಲಿ ನೀರಿನ ಆಳ ಹನ್ನೆರಡು ಮೀಟರ್ ಅಷ್ಟೇ, ಮಾಮೂಲಿ ಟಾರ್ಪಿಡೊ ಬಿಟ್ರೆ ಕೆಸರಲ್ಲಿ ಹೂತು ಹೋಗ್ತಿತ್ತು, ಅದಕ್ಕೆ ಅದರ ಬಾಲಕ್ಕೆ ಮರದ ರೆಕ್ಕೆ ಕಟ್ಟಿದ್ರು. ಮೊದಲ ಅಲೆಯಲ್ಲಿ 40 ಕೇಟ್ ಟಾರ್ಪಿಡೊ ತಂದಿದ್ವು, ಇನ್ನು 49 ಮೇಲಿಂದ ಬಾಂಬ್ ಹಾಕಿದ್ವು, ಅರಿಜೋನಾ ಹಡಗನ್ನ ಸ್ಫೋಟಿಸಿದ್ದು ಆ ಬಾಂಬೇ.

ಇದು ನಮ್ಮ ದೇಶಕ್ಕೂ ಬಂದಿತ್ತು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. 1942ರ ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದ್ದು ರ್ಯೂಜೋ ಅನ್ನೋ ಸಣ್ಣ ಕ್ಯಾರಿಯರ್‌ನಿಂದ (ವಿಮಾನ ಹೊತ್ತೊಯ್ಯೋ ಹಡಗು) ಬಂದ ಕೇಟ್‌ಗಳು.

ಕಾಣೆಯಾಗಿದ್ದು ಯಾಕೆ ಅಂದ್ರೆ, ಇದಕ್ಕೆ ಕವಚ ಇಲ್ಲ, ಗುಂಡು ಬಿದ್ರೆ ತಾನೇ ಮುಚ್ಚಿಕೊಳ್ಳೋ ಟ್ಯಾಂಕೂ ಇಲ್ಲ, ಮೇಲಾಗಿ ಟಾರ್ಪಿಡೊ ಬಿಡ್ಬೇಕಂದ್ರೆ ನೀರಿಗೆ ತಾಗೋ ಹಾಗೆ ಕೆಳಗೆ, ನೇರವಾಗಿ, ಹಡಗಿನ ಗನ್‌ಗಳ ಎದುರಿಗೇ ಹೋಗ್ಬೇಕು. 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ನಡೆದ ಯುದ್ಧದಲ್ಲಿ ತೊಮೊನಾಗಾ ಅನ್ನೋ ಜಪಾನಿ ಲೆಫ್ಟಿನೆಂಟ್‌ನ ರೆಕ್ಕೆ ಟ್ಯಾಂಕ್ ಬೆಳಗಿನ ದಾಳಿಲೇ ತೂತಾಗಿತ್ತು, ವಾಪಸ್ ಬರೋಕೆ ಪೆಟ್ರೋಲ್ ಸಾಲಲ್ಲ ಅಂತ ಗೊತ್ತಿದ್ದೂ ಮಧ್ಯಾಹ್ನ ಹತ್ತು ಕೇಟ್ ಕರ್ಕೊಂಡು ಹೋದ. ಅಮೆರಿಕದ ಕ್ಯಾರಿಯರ್ ಯಾರ್ಕ್‌ಟೌನ್‌ಗೆ ಎರಡು ಟಾರ್ಪಿಡೊ ತಗುಲಿದ್ವು, ಬಂದಿದ್ದು ಐದೇ ವಿಮಾನ, ಅದ್ರಲ್ಲಿ ಅವನದಿಲ್ಲ. ನನಗೆ ಈ ಲೆಕ್ಕ ಓದುವಾಗಲೆಲ್ಲ ಅವನ ಹಿಂದೆ ಕೂತಿದ್ದ ಇನ್ನಿಬ್ಬರೇ ನೆನಪಾಗ್ತಾರೆ. ಒಂದು ಕೇಟ್ ಬಿದ್ರೆ ವರ್ಷಗಟ್ಟಲೆ ತರಬೇತಿ ಪಡೆದ ಮೂರು ಜನ ಹೋದ ಹಾಗೆ, ಅವರ ಜಾಗಕ್ಕೆ ಅಂಥವರನ್ನ ಅಷ್ಟು ಬೇಗ ತಯಾರು ಮಾಡೋಕೆ ಜಪಾನ್‌ಗೆ ಆಗ್ಲಿಲ್ಲ.

ಮುಂದೆ ತೆನ್ಜಾನ್ ಅನ್ನೋ ವೇಗದ ವಿಮಾನ ಬಂತು. ಉಳಿದ ಕೇಟ್‌ಗಳನ್ನ ಸಬ್‌ಮರೀನ್ ಹುಡುಕೋಕೆ, ಹುಡುಗರಿಗೆ ಟ್ರೇನಿಂಗ್ ಕೊಡೋಕೆ ಹಾಕಿದ್ರು, ಕೊನೆಕೊನೆಗೆ ಕೆಲವನ್ನ ಆತ್ಮಾಹುತಿ ದಾಳಿಗೂ ಕಳಿಸಿದ್ರು.