ಐದು ಸಿಗರೇಟು, ಒಂದು ವೇಪ್: ಮೊದಲು ಬಿಡಬೇಕಾದ್ದು ಯಾವುದು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಿಗರೇಟು ಬಿಡಲು ಸಲಹೆಗೆ ಬಂದವರ ವಯಸ್ಸು 38. ದಿನಕ್ಕೆ 15 ಸಿಗರೇಟು ಸೇದುತ್ತಿದ್ದವರು ವೇಪ್ (ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಸೇದುವ ಇ-ಸಿಗರೇಟು) ಹಿಡಿದು ಎಂಟು ತಿಂಗಳಾಗಿತ್ತು. ಸಿಗರೇಟು ಐದಕ್ಕೆ ಇಳಿದಿತ್ತು. "ಮೂರರಲ್ಲಿ ಎರಡು ಪಾಲು ಅಪಾಯ ಕಳೀತಲ್ಲ ಮೇಡಂ?" ಎಂಬುದು ಅವರ ಲೆಕ್ಕ. ಜೊತೆಗೆ ಬಂದಿದ್ದ ಹೆಂಡತಿಗೆ ವೇಪಿನದೇ ಭಯ. ಮೊದಲು ಅದನ್ನು ಬಿಡಿಸಿ ಎಂದರು.

ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ (ಉರಿಯುವ ತಂಬಾಕಿನ ಹೊಗೆಯಲ್ಲಿರುವ ವಿಷಾನಿಲ) 14 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 14 ಪಾಲು ಇತ್ತು. ವೇಪಿನಲ್ಲಿ ತಂಬಾಕು ಉರಿಯುವುದಿಲ್ಲ. ಆ 14 ಉಳಿದ ಐದು ಸಿಗರೇಟಿನದು. ದಿನಕ್ಕೆ ಒಂದೇ ಸೇದಿದರೂ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧ ಉಳಿದೇ ಇರುತ್ತದೆ. ಅವರ ಲೆಕ್ಕ ತಪ್ಪಿದ್ದು ಇಲ್ಲಿ.

ಹೆಂಡತಿಯ ಭಯಕ್ಕೂ ಕಾರಣವಿತ್ತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಹಾಳಾದ ಸುದ್ದಿ ಅವರ ತಲೆಯಲ್ಲಿತ್ತು. ಅಂದು ಮುಖ್ಯವಾಗಿ ಸಿಕ್ಕಿಬಿದ್ದದ್ದು ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಇರುವ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಹಾಗೆಂದು ವೇಪ್ ನಿರಪಾಯಕಾರಿಯಲ್ಲ. ಅದೇ ವರ್ಷ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದವರು ವೇಪ್ ಗುಂಪಿನಲ್ಲಿ 18%, ಪ್ಯಾಚ್, ಗಮ್‌ನಂಥ ನಿಕೋಟಿನ್ ಬದಲಿಗಳ ಗುಂಪಿನಲ್ಲಿ 9.9%. ಆದರೆ ವೇಪಿನಿಂದ ಬಿಟ್ಟವರಲ್ಲಿ 80% ಮಂದಿ ಆಗಲೂ ವೇಪ್ ಸೇದುತ್ತಲೇ ಇದ್ದರು. ವಾದಕ್ಕಿಳಿದವರು ಇವುಗಳಲ್ಲಿ ತಮಗೆ ಬೇಕಾದ ಒಂದನ್ನೇ ಎತ್ತಿ ಹೇಳುತ್ತಾರೆ. ದಂಪತಿಗೆ ಎರಡನ್ನೂ ಹೇಳಲಾಯಿತು.

ಸಲಹೆ: ಮೊದಲು ಹೋಗಬೇಕಾದ್ದು ಸಿಗರೇಟು, ಐದೂ ಒಂದೇ ದಿನ. ವೇಪ್ ಆಮೇಲೆ. (ವೇಪ್ ನಿಷೇಧವಿರುವ ಕಡೆ ಪ್ಯಾಚ್, ಗಮ್‌ಗಳಿಂದಲೇ ನಡೆಸಬೇಕು.)

ಕಷ್ಟದ್ದು ಎದ್ದೊಡನೆಯ ಸಿಗರೇಟು. ನಿಕೋಟಿನ್ ಎರಡು ಗಂಟೆಗೊಮ್ಮೆ ಸುಮಾರು ಅರ್ಧವಾಗುವುದರಿಂದ ಬೆಳಗಿನ ಹೊತ್ತಿಗೆ ರಕ್ತದಲ್ಲಿ ಅದು ಬಹುಪಾಲು ಬರಿದಾಗಿರುತ್ತದೆ. ಅದಕ್ಕೆ 4 ಮಿ.ಗ್ರಾಂ ಗಮ್ ಎಂದರೆ, "ಗಮ್ ನನಗಾಗಲ್ಲ, ಬಿಕ್ಕಳಿಕೆ" ಎಂದರು. ಅವರು ಅದನ್ನು ಬಬಲ್ ಗಮ್‌ನಂತೆ ಬಿಡದೆ ಅಗಿದು, ಜೊಲ್ಲು ನುಂಗಿದ್ದರು. ಅಲ್ಲೇ ಕೂತು ಕಲಿಸಿದ್ದು: ನಿಧಾನವಾಗಿ ಅಗಿದು, ಚುರುಗುಟ್ಟಿದೊಡನೆ ಕೆನ್ನೆ-ಒಸಡಿನ ನಡುವೆ ಒತ್ತಿಡುವುದು, ಚುರುಕು ಆರಿದ ಮೇಲೆ ಮತ್ತೆ ಅಗಿಯುವುದು, ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚೆ 15 ನಿಮಿಷ ಕಾಫಿ, ಜ್ಯೂಸ್ ಬೇಡ. ಹುಳಿ ಅಂಶವಿದ್ದರೆ ಬಾಯಿ ನಿಕೋಟಿನನ್ನು ಸರಿಯಾಗಿ ಹೀರುವುದಿಲ್ಲ. ವಾಕರಿಕೆ, ತಲೆಸುತ್ತು ಬಂದರೆ ನಿಕೋಟಿನ್ ಹೆಚ್ಚಾಗಿದೆ ಎಂದರ್ಥ.

ಸಿಗರೇಟು ಬಿಟ್ಟ ಒಂಬತ್ತನೇ ದಿನ ಉಸಿರಿನ ಕಾರ್ಬನ್ ಮಾನಾಕ್ಸೈಡ್ 3 ಪಿಪಿಎಂ. ಆ ಖುಷಿಯಲ್ಲಿ ಅವರು ತಾವಾಗಿಯೇ ವೇಪ್ ದ್ರವದ ನಿಕೋಟಿನನ್ನು ಎಂ.ಎಲ್.ಗೆ 20ರಿಂದ 10 ಮಿ.ಗ್ರಾಂಗೆ ಇಳಿಸಿದರು. ದಿನಕ್ಕೆ 2 ಎಂ.ಎಲ್. ಸಾಲುತ್ತಿದ್ದದ್ದು ನಾಲ್ಕಕ್ಕೆ ಏರಿತು: ಅಷ್ಟೇ ನಿಕೋಟಿನ್, ದುಪ್ಪಟ್ಟು ಆವಿ. 20ಕ್ಕೇ ಮರಳಿ, ಸೇದುವ ನಡುವಿನ ಬಿಡುವನ್ನು ವಾರಕ್ಕೆ 15 ನಿಮಿಷ ಹಿಗ್ಗಿಸಲು ಹೇಳಲಾಗಿದೆ. ಮುಂದಿನ ಭೇಟಿಗೆ ಎಂ.ಎಲ್. ಲೆಕ್ಕ ಬರೆದು ತರಬೇಕು.