ಅಣ್ಣ ಹಾಕಿದ ಐ-130 ಬಾಕಿ ಇರುವಾಗ ಮನೆ ಬದಲಿಸಿದರೆ ತೊಂದರೆಯೇ?

ಅಣ್ಣ ಅಮೆರಿಕದ ಪ್ರಜೆ, ನಿಮ್ಮ ಹೆಸರಲ್ಲಿ ಐ-130, ಅಂದರೆ ಸಂಬಂಧಿಕರನ್ನು ಅಲ್ಲಿ ನೆಲೆಸಲು ಕರೆಸಿಕೊಳ್ಳುವ ಅರ್ಜಿ, ಹಾಕಿದ್ದಾರೆ, ಅದಿನ್ನೂ ಪೆಂಡಿಂಗ್. ಈಗ ಮಡಿಕೇರಿ ಬಿಟ್ಟು ಕುಶಾಲನಗರಕ್ಕೆ ಹೋಗುತ್ತಿದ್ದೀರಿ, ಅರ್ಜಿ ರದ್ದಾಗುತ್ತದಾ ಎಂದು ಕೇಳಿದ್ದೀರಿ. ಆಗಲ್ಲ. ಧಾರಾಳವಾಗಿ ಹೋಗಿ. ನನಗೂ ಅಕ್ಕ ಅರ್ಜಿ ಹಾಕಿದ್ದಾಳೆ, ಆಮೇಲೆ ನಾವೂ ಮನೆ ಬದಲಿಸಿದೆವು. ವೀಸಾ ಸಾಲಿನಲ್ಲಿ ನಮ್ಮ ಜಾಗ ಹಿಡಿದಿಡುವುದು ಅರ್ಜಿ ಹಾಕಿದ ತಾರೀಖು. ಮನೆ ಎಲ್ಲಿದ್ದರೂ ಅದು ಬದಲಾಗಲ್ಲ.

ನಿಮಗಿಂತ ನಿಮ್ಮಣ್ಣ ಮನೆ ಬದಲಿಸಿದರೆ ಹೆಚ್ಚು ಎಚ್ಚರ ಬೇಕು. ಅರ್ಜಿದಾರರು ಅವರು. ಅಮೆರಿಕದ ವಲಸೆ ಇಲಾಖೆಯ (ಯುಎಸ್‌ಸಿಐಎಸ್) ಪತ್ರಗಳು ಹೋಗುವುದು ಅವರಿಗೆ, ಅಥವಾ ಅವರ ವಕೀಲರಿಗೆ. ಇನ್ನೂ ದಾಖಲೆ ಬೇಕು ಎಂದು ಪತ್ರ ಬಂದರೆ ಉತ್ತರಿಸಲು ಸಿಗುವುದು ಹೆಚ್ಚೆಂದರೆ 12 ವಾರ, ಆ ಗಡುವು ವಿಸ್ತರಿಸಲ್ಲ. ಪತ್ರ ಹಳೇ ಮನೆಗೆ ಹೋಗಿ ಬಿದ್ದಿದ್ದರೆ ಅರ್ಜಿಯೇ ತಿರಸ್ಕಾರ ಆಗಬಹುದು. ಅಲ್ಲಿನ ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟರೆ ಸಾಲದು, ಯುಎಸ್‌ಸಿಐಎಸ್ ಆನ್‌ಲೈನ್ ಖಾತೆಯಲ್ಲಿ ಈ ಅರ್ಜಿಯ ವಿಳಾಸವನ್ನೇ ಬದಲಿಸಬೇಕು. ಹತ್ತು ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆ ಫಾರ್ಮ್ ಕೊಡಲೇಬೇಕು ಎಂಬ ಮಾತು ಕೇಳಿ ಗಾಬರಿಯಾಗಿದ್ದೀರಿ ಅನಿಸುತ್ತದೆ. ಅದು ಅಮೆರಿಕದಲ್ಲಿ ನೆಲೆಸಿರುವ, ಅಲ್ಲಿನ ಪ್ರಜೆಗಳಲ್ಲದವರಿಗೆ. ಕೊಡಗಿನಲ್ಲಿ ಕೂತಿರುವ ನಮಗಲ್ಲ.

ಅಣ್ಣ-ತಮ್ಮ, ಅಕ್ಕ-ತಂಗಿಯರ ವರ್ಗಕ್ಕೆ ಎಫ್4 ಅಂತಾರೆ. ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ, ಅದರ ಮೇಲೆ ದೇಶಕ್ಕೆ ಶೇ. 7ರ ಮಿತಿ. 2025ರಲ್ಲೂ ಭಾರತದವರಿಗೆ 2006ರ ಅರ್ಜಿಗಳೇ ನಡೆಯುತ್ತಿದ್ದವು. ಇದನ್ನು ನಂಬಿಕೊಂಡು ಲೀಸ್ ಬಿಡುವುದು, ಮನೆ ಕಟ್ಟುವುದನ್ನು ಮುಂದೂಡುವುದು ಎಲ್ಲ ಬೇಡ. ವೀಸಾ ಬರುವಷ್ಟರಲ್ಲಿ ನೀವು ಇನ್ನೂ ಎರಡು ಮನೆ ಬದಲಿಸಿರುತ್ತೀರಿ.

ಅದಕ್ಕೇ ಮನೆಗಿಂತ ಇಮೇಲ್ ಮುಖ್ಯ. ಅರ್ಜಿ ಮಂಜೂರಾದ ಮೇಲೆ ಕಡತ ಅಮೆರಿಕ ವಿದೇಶಾಂಗ ಇಲಾಖೆಯ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ, ಅಲ್ಲಿಂದ ಮುಂದಿನ ವ್ಯವಹಾರ ಹೆಚ್ಚಾಗಿ ಇಮೇಲಿನಲ್ಲೇ. ವೀಸಾ ಸಿದ್ಧವಿದೆ ಎಂದು ತಿಳಿಸಿದ ಒಂದು ವರ್ಷದೊಳಗೆ ನೀವು ಅರ್ಜಿ ಮುಂದುವರಿಸದಿದ್ದರೆ ನೋಂದಣಿ ರದ್ದುಪಡಿಸಬಹುದು. ಸೈಬರ್ ಸೆಂಟರಿನ ಹುಡುಗ ಮಾಡಿಕೊಟ್ಟ, ಪಾಸ್‌ವರ್ಡ್ ಅವನಿಗಷ್ಟೇ ಗೊತ್ತಿರುವ ಇಮೇಲ್ ಕೊಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಕಡತ ವೀಸಾ ಸೆಂಟರಿಗೆ ಹೋದ ಮೇಲೆ ಹೊಸ ವಿಳಾಸವನ್ನೂ ಅವರಿಗೇ ತಿಳಿಸಬೇಕು.

ಇನ್ನು ನಮ್ಮ ಕಡೆಯ ವಿಳಾಸದ ಫಜೀತಿ. ಐ-130ರಲ್ಲಿ ನಮ್ಮ ಹೆಸರು, ವಿಳಾಸವನ್ನು ಕನ್ನಡದಲ್ಲೂ ಬರೆಯಬೇಕು. ಅಕ್ಕ ಫೋನ್ ಮಾಡಿ "ಡೋರ್ ನಂಬರ್ ಹೇಳೇ" ಅಂದಳು. ಆಗಿದ್ದ ಮನೆಗೆ ನಂಬರೇ ಇರಲಿಲ್ಲ, ತೋಟದ ಹೆಸರು, "ಗ್ರಾಮ ಮತ್ತು ಅಂಚೆ", ಪಿನ್‌ಕೋಡ್, ಅಷ್ಟೇ. ಕುಶಾಲನಗರದಲ್ಲಿ ಇನ್ನೊಂದಿದೆ: ಹಳೇ ದಾಖಲೆಯಲ್ಲಿ ಸೋಮವಾರಪೇಟೆ ತಾಲೂಕು ಅಂತಿರುತ್ತದೆ, ಈಗ ಅದೇ ಬೇರೆ ತಾಲೂಕು. ಹೊಸ ಮನೆಗೆ ಹೋದಮೇಲೆ ಆಧಾರ್‌ನಲ್ಲಿ ವಿಳಾಸ ಬದಲಿಸಿಬಿಡಿ. ಮುಂದೆ ಸಂದರ್ಶನಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕಾಗುತ್ತದೆ, ಆಗ ವಿಚಾರಣೆ ಈಗಿರುವ ವಿಳಾಸದಲ್ಲೇ. ಆ ಸರ್ಟಿಫಿಕೇಟನ್ನು ಈಗಲೇ ಮಾಡಿಸಬೇಡಿ, ಹಳೆಯದಾಗಿ ಹೋಗುತ್ತದೆ.

ಸಾಮಾನು ಪಿಕಪ್‌ಗೆ ಹಾಕುವಾಗ ಐ-130ರ ರಸೀದಿ ಪತ್ರದ ಪ್ರತಿ, ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟ್ ಇರುವ ಫೈಲ್ ಕೈಯಲ್ಲೇ ಇರಲಿ. ಮಡಿಕೇರಿ ಮಳೆ ನಿಮಗೆ ಹೇಳಬೇಕಾ? ನಮ್ಮ ಗಾಡ್ರೇಜ್ ಬೀರುವಿನೊಳಗೇ ಕವರುಗಳಿಗೆ ಬೂಷ್ಟು ಹಿಡಿದು, ಎರಡು ಫೋಟೋ ಬಿಡಿಸಲಾಗದ ಹಾಗೆ ಅಂಟಿಕೊಂಡಿದ್ದವು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಣ್ಣನಿಗೂ ಕಳಿಸಿಡಿ. 13 ಅಕ್ಷರ-ಅಂಕಿಗಳ ರಸೀದಿ ಸಂಖ್ಯೆಯನ್ನು ಬೇರೆ ಬರೆದಿಟ್ಟುಕೊಳ್ಳಿ.

ಮಕ್ಕಳ ವಯಸ್ಸು ನೀವು ಬರೆದಿಲ್ಲ. 21 ತುಂಬಿದವರು ನಿಮ್ಮ ಜೊತೆ ಹೋಗುವಂತಿಲ್ಲ, ಮದುವೆಯಾದವರೂ ಅಷ್ಟೇ. ಆದರೆ ವಯಸ್ಸು ಲೆಕ್ಕ ಹಾಕುವಾಗ ಐ-130 ಪೆಂಡಿಂಗ್ ಇದ್ದಷ್ಟು ಕಾಲವನ್ನು ಕಳೆಯುತ್ತಾರೆ, ವೀಸಾ ಸಿದ್ಧವಾದ ಒಂದು ವರ್ಷದೊಳಗೆ ಮುಂದುವರಿದರೆ. ಹಾಗಾಗಿ ಇನ್ನೂ ಮಂಜೂರಾಗಿಲ್ಲ ಎಂದು ಅಣ್ಣನನ್ನು ದಿನಾ ಪೀಡಿಸಬೇಡಿ. ಚಿಕ್ಕ ಮಕ್ಕಳಿದ್ದರೆ ಈ ತಡದಿಂದ ನಿಮಗೇ ಲಾಭ.