1.4 ಲಕ್ಷ ಕಿಲೋಮೀಟರ್ ಓಡಿರೋ 2012ರ ಇನೋವಾ ತಗೋಬಹುದಾ, ಇಲ್ಲ ಹೊಸ ಚಿಕ್ಕ ಏಳು ಸೀಟರ್ ತಗೊಳ್ಲಾ? ಟೊಯೋಟಾಗೆ ಖರ್ಚೇ ಬರಲ್ಲ ಅಂತಾರಲ್ಲ

ಆ "ಖರ್ಚೇ ಬರಲ್ಲ" ಅನ್ನೋದನ್ನ ಓದಿ ನಗುನೂ ಬಂತು, ಹೊಟ್ಟೆನೂ ಉರೀತು. 2015ರಲ್ಲಿ ನಾನೂ ಇದೇ ಮಾತು ನಂಬ್ಕೊಂಡು ಇಂಥದ್ದೇ ಗಾಡಿ ತಗೊಂಡೋನು. 2009ರ ಮಾಡೆಲ್ಲು, 2.5 ಲೀಟರ್ ಡೀಸೆಲ್ಲು, ಮೀಟರಲ್ಲಿ 1 ಲಕ್ಷದ 62 ಸಾವಿರ. ಕೆಂಗೇರಿ ಕಡೆ ಟ್ರಾವೆಲ್ಸ್ ಇಟ್ಕೊಂಡಿದ್ದ ಒಬ್ರು, ಅವರ ಮನೆ ಓಡಾಟಕ್ಕೆ ಅಂತ ವೈಟ್ ಬೋರ್ಡಲ್ಲಿ ಇಟ್ಕೊಂಡಿದ್ದ ಗಾಡಿ. ಸರ್ವಿಸ್ ಬಿಲ್ ಕೇಳ್ದೆ, "ಟೊಯೋಟಾಗೆ ಬಿಲ್ ಯಾರ್ ಕೇಳ್ತಾರೆ ಸಾರ್, ಸೌಂಡ್ ಕೇಳಿ ಸಾಕು" ಅಂದ್ರು. ಕೇಳ್ದೆ. ಸೌಂಡ್ ಚೆನ್ನಾಗೇ ಇತ್ತು.

ನಮ್ದು ರಾಮನಗರ. ಬಿಡದಿ ಫ್ಯಾಕ್ಟರಿ ಪಕ್ಕದಲ್ಲೇ, ಹಾಗಾಗಿ ಟೊಯೋಟಾ ಅಂದ್ರೆ ನಮ್ಮೂರ ಗಾಡಿ ಅನ್ನೋ ಒಂದು ಹೆಮ್ಮೆ ಬೇರೆ. 2000ದ ಜನವರಿಯಲ್ಲಿ ಕ್ವಾಲಿಸ್ ಬಂದಾಗ ನಾನು ಪಿಯುಸಿ. ಡಬ್ಬ ಇದ್ದಂಗಿದೆ, ಇಂಡೋನೇಷ್ಯಾದಲ್ಲಿ ಓಡ್ತಿದ್ದ ಹಳೇ ಕಿಜಾಂಗ್ ಗಾಡಿನೇ ಹೆಸರು ಬದಲಾಯಿಸಿ ತಂದವ್ರೆ ಅಂತ ಪೇಪರ್ ಓದೋರೆಲ್ಲಾ ಆಡ್ಕೊಂಡಿದ್ದೇ ಆಡ್ಕೊಂಡಿದ್ದು. ಅದು ನಿಜನೇ, ಆದ್ರೆ ಮೂರ್ನಾಲ್ಕು ವರ್ಷದಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಕ್ಯಾಬ್ ಅಂದ್ರೆ ಕ್ವಾಲಿಸ್ಸೇ. ಆಮೇಲೆ 2005ರಲ್ಲಿ, ಇನ್ನೂ ಚೆನ್ನಾಗಿ ಸೇಲ್ ಆಗ್ತಿರೋವಾಗ್ಲೇ ಅದನ್ನ ನಿಲ್ಸಿ ಇನೋವಾ ಬಿಟ್ರು, ಹುಚ್ಚಾ ಇವ್ರಿಗೆ ಅಂದ್ಕೊಂಡ್ವಿ. ನಮ್ಮಪ್ಪ ರೇಷ್ಮೆ ರೀಲರ್, ಅಂದ್ರೆ ಗೂಡಿಂದ ನೂಲು ತೆಗೆಸೋರು, ಗೂಡಿನ ಮಾರ್ಕೆಟ್ಟಲ್ಲಿ ಯಾರ ಹತ್ರ ಇನೋವಾ ಇದೆಯೋ ಅವನ ನೂಲಿಗೆ ಒಳ್ಳೆ ರೇಟ್ ಸಿಗ್ತಿದೆ ಅಂತ ಲೆಕ್ಕ. ಮನೇಲಿ ಇನೋವಾ ಬಂದ ದಿನ ಅಪ್ಪ ಬೇಸಿನ್ (ನೂಲು ತೆಗೆಯೋ ಯಂತ್ರ) ಕೆಲಸದೋರಿಗೆಲ್ಲಾ ಸ್ವೀಟ್ ಹಂಚಿದ್ರು.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ನಿಮ್ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ.

2017ರ ಫೆಬ್ರವರಿ, ಮೀಟರ್ ಸರಿಯಾಗಿ 2 ಲಕ್ಷ ಆಯ್ತು, ಡ್ಯಾಶ್‌ಬೋರ್ಡಲ್ಲಿ ಟಿ-ಬೆಲ್ಟ್ ಅಂತ ಒಂದು ಲೈಟ್ ಹತ್ಕೊಂಡ್ತು. ಟೈಮಿಂಗ್ ಬೆಲ್ಟ್ ಬದಲಾಯಿಸಪ್ಪ ಅಂತ ಅರ್ಥ. ಪರಿಚಯದ ಗ್ಯಾರೇಜಿಗೆ ಹೋದೆ. ಬೆಲ್ಟು, ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ರು, ಕೂಲಿ ಎಲ್ಲಾ ಸೇರಿ ಎಂಟು ಸಾವಿರ, ಸಾಮಾನು ಬೆಂಗಳೂರಿಂದ ಬರ್ಬೇಕು, ಗಾಡಿ ಒಂದು ದಿನ ಬಿಡ್ಬೇಕು ಅಂದ್ರು. ಆ ವಾರ ಚಿಕ್ಕಪ್ಪನ ಮಗಳ ಮದುವೆ, ಗಾಡಿ ಬಿಡೋ ಹಂಗಿಲ್ಲ. "ಸದ್ಯಕ್ಕೆ ಆ ಲೈಟೊಂದು ಆರಿಸ್ಕೊಡಿ, ಮದುವೆ ಮುಗಿಸ್ಕೊಂಡು ತರ್ತೀನಿ" ಅಂದೆ. ಅವರೇನೂ ನನ್ನ ಮೋಸ ಮಾಡ್ಲಿಲ್ಲ, ನಾನೇ ಕೇಳಿದ್ದು. ಒಂದು ನಿಮಿಷದ ಕೆಲಸ, ದುಡ್ಡೂ ತಗೊಳ್ಲಿಲ್ಲ, ನಾನೇ ಟೀ ಕುಡಿಸಿದೆ.

ಇಲ್ಲೇ ಎಡವಿದ್ದು. ಆ ಲೈಟಿಗೆ ಬೆಲ್ಟ್ ಕಾಣ್ಸಲ್ಲ ಕಣ್ರೀ. ಬೆಲ್ಟು ಸವೆದಿದೆಯಾ, ಹಲ್ಲು ಉದುರಿದೆಯಾ, ಬಿರುಕು ಬಿಟ್ಟಿದೆಯಾ, ಅದಕ್ಕೆ ಒಂದೂ ಗೊತ್ತಿಲ್ಲ. ಅದು ಬರೀ ಕಿಲೋಮೀಟರ್ ಎಣಿಸುತ್ತೆ, ಲಕ್ಷ ಆದ ತಕ್ಷಣ ಹತ್ಕೊಳ್ಳುತ್ತೆ, ರೀಸೆಟ್ ಮಾಡಿದ್ರೆ ಮತ್ತೆ ಸೊನ್ನೆಯಿಂದ ಎಣಿಸೋಕೆ ಶುರು. ಅಂದ್ರೆ ನಾನು ಅವತ್ತು ಮಾಡಿದ್ದು ಬರೀ ಲೈಟ್ ಆರಿಸಿದ್ದಲ್ಲ, ಇನ್ನೊಂದು ಲಕ್ಷ ಕಿಲೋಮೀಟರ್ ಬಾಯಿ ಮುಚ್ಕೊಂಡಿರು ಅಂತ ಗಾಡಿಗೆ ಹೇಳಿದ್ದು. ಹಂಗೇ ಉರೀತಾ ಇದ್ದಿದ್ರೆ ದಿನಾ ಕಣ್ಣಿಗೆ ಚುಚ್ಚಿ ಒಂದು ತಿಂಗಳಲ್ಲಿ ಹೋಗಿ ಹಾಕಿಸ್ತಿದ್ದೆ. ಆರಿದ್ಮೇಲೆ ಮರೆತೇಹೋಯ್ತು. ಮದುವೆ ಆಯ್ತು, ಸೀಮಂತನೂ ಆಯ್ತು, ನಾನು ಗ್ಯಾರೇಜ್ ಕಡೆ ತಲೆ ಹಾಕ್ಲಿಲ್ಲ.

ಡಿಸೆಂಬರಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸ್ಕೊಂಡು ಶಿರಾಡಿ ಘಾಟಲ್ಲಿ ಮೇಲಕ್ಕೆ ಬರ್ತಿದ್ವಿ. ಅಪ್ಪ, ಅಮ್ಮ, ಅಕ್ಕ, ಭಾವ, ನನ್ ಹೆಂಡ್ತಿ, ಇಬ್ಬರು ಮಕ್ಕಳು. ಗುಂಡ್ಯ ದಾಟಿ ಬಹಳ ದೂರ ಬಂದಿದ್ವಿ, ದೋಣಿಗಾಲ್ ಇನ್ನೇನು ಬಂತು ಅನ್ನೋವಷ್ಟರಲ್ಲಿ ಟಕ್ ಅಂತ ಒಂದು ಸದ್ದು, ಅಷ್ಟೇ, ಇಂಜಿನ್ ಸತ್ತೋಯ್ತು. ಸ್ಟೇರಿಂಗ್ ಕಲ್ಲಿನಂಗೆ ಬಿಗೀತು, ಎರಡು ಸಲ ತುಳಿದ್ಮೇಲೆ ಬ್ರೇಕ್ ಪೆಡಲ್ಲೂ ಗಟ್ಟಿ. ಏರಲ್ಲಿ ಗಾಡಿ ಹಿಂದಕ್ಕೆ ಜಾರೋಕೆ ಶುರು, ಹಿಂದೆ ಟ್ಯಾಂಕರ್. ಹ್ಯಾಂಡ್ ಬ್ರೇಕ್ ಎಳ್ದು ಎರಡೂ ಕಾಲಲ್ಲಿ ಪೆಡಲ್ ಒತ್ಕೊಂಡು ಕೂತೆ, ಭಾವ ಚಪ್ಪಲೀನೂ ಹಾಕ್ಕೊಳ್ದೆ ಹಾರಿ ಹೋಗಿ ರಸ್ತೆ ಪಕ್ಕದ ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟ. ದೇವರು ದೊಡ್ಡೋನು, ಟ್ಯಾಂಕರ್‌ನೋನು ಅಂತರ ಬಿಟ್ಟಿದ್ದ.

ಸೆಲ್ಫ್ ಹೊಡೆದ್ರೆ ಗರ್ರ್ ಅಂತ ಹಗುರಾಗಿ ತಿರುಗುತ್ತೆ. ಯಾವತ್ತೂ ಹಂಗೆ ತಿರುಗಿದ್ದಲ್ಲ, ಡೀಸೆಲ್ ಇಂಜಿನ್ ಸೆಲ್ಫ್ ಹೊಡೆದ್ರೆ ಒಳಗಡೆ ಒಂದು ಒತ್ತಡ ಗೊತ್ತಾಗುತ್ತೆ, ಇದು ಖಾಲಿ ಡಬ್ಬ ತಿರುಗಿಸ್ದಂಗೆ. ಇನ್ನೊಂದು ಸಲ ಹೊಡೆಯೋಕೆ ಹೋದೆ, ಭಾವ ಕೀನೇ ಕಿತ್ಕೊಂಡ. "ಬೆಲ್ಟ್ ಯಾವಾಗ ಹಾಕ್ಸಿದ್ದೆ?" ಅಂದ. ಹೇಳ್ದೆ. ಅವನು ಬಿಡದಿ ಫ್ಯಾಕ್ಟರಿ ಲೈನಲ್ಲೇ ಕೆಲಸ ಮಾಡೋನು. ಬೈಲಿಲ್ಲ, ಸಕಲೇಶಪುರದವರೆಗೂ ಮಾತೇ ಆಡ್ಲಿಲ್ಲ. ಬೈದಿದ್ರೇ ವಾಸಿ ಇತ್ತು.

ಬೆಲ್ಟ್ ಕೆಲಸ ಏನಂದ್ರೆ ಪಿಸ್ಟನ್ ಆಡ್ಸೋ ಕೆಳಗಿನ ಕ್ರ್ಯಾಂಕ್ ತಿರುಗೋದಕ್ಕೂ ಮೇಲೆ ಗಾಳಿ-ಹೊಗೆ ಬಿಡೋ ವಾಲ್ವ್ ತೆಗೆದು ಮುಚ್ಚೋದಕ್ಕೂ ತಾಳ ತಪ್ಪದಂಗೆ ಇಡೋದು. ಅದು ಕಡಿದ್ರೆ ವಾಲ್ವ್ ಎಲ್ಲಿದ್ಯೋ ಅಲ್ಲೇ ನಿಲ್ಲುತ್ತೆ, ಕೆಳಗಿಂದ ಪಿಸ್ಟನ್ ಬಂದು ಗುದ್ದುತ್ತೆ. ಇಂಜಿನ್ ಮೇಲ್ಭಾಗದ ಹೆಡ್ ಬಿಚ್ಚಿದ್ಮೇಲೆ ಮೆಕ್ಯಾನಿಕ್ ಟಾರ್ಚ್ ಹಾಕಿ ತೋರ್ಸಿದ್ರು, ಪಿಸ್ಟನ್ ತಲೆ ಮೇಲೆ ಉಗುರಲ್ಲಿ ಒತ್ತಿದಂಗೆ ಸಣ್ಣ ಸಣ್ಣ ಅರ್ಧಚಂದ್ರದ ಗುರುತು, ಪಕ್ಕದಲ್ಲಿ ಪೇಪರ್ ಮೇಲೆ ಸಾಲಾಗಿ ಜೋಡ್ಸಿಟ್ಟ ಸೊಟ್ಟ ವಾಲ್ವ್‌ಗಳು. ಟೋಯಿಂಗ್, ಹೆಡ್ ಕೆಲಸ, ವಾಲ್ವು, ಗ್ಯಾಸ್ಕೆಟ್ಟು ಎಲ್ಲಾ ಸೇರಿ 84 ಸಾವಿರ ಆಯ್ತು, ಮೂರು ವಾರ ಗಾಡಿ ಇಲ್ಲ. ಎಂಟು ಸಾವಿರ ಉಳ್ಸೋಕೂ ಅಲ್ಲ, ಒಂದು ದಿನ ಉಳ್ಸೋಕೆ ಹೋಗಿ. ತುಂಡಾದ ಬೆಲ್ಟ್ ನೋಡಿ ಅವರು ಇನ್ನೊಂದು ಮಾತು ಹೇಳಿದ್ರು: ಇದು ಎರಡನೇ ಬೆಲ್ಟ್ ಅಲ್ಲ, ಗಾಡಿ ಜೊತೆ ಬಂದ ಮೊದಲನೇದೇ ಇರ್ಬೇಕು ಅಂತ. ಅಂದ್ರೆ ನಂಗೆ ಮಾರಿದ ಪುಣ್ಯಾತ್ಮನೂ 1 ಲಕ್ಷಕ್ಕೆ ನನ್ ತರನೇ ಲೈಟ್ ಆರ್ಸಿ ಓಡ್ಸಿದ್ದ.

ಆಮೇಲೊಂದಿನ ಊಟಕ್ಕೆ ಕೂತಾಗ ಭಾವ ಬಾಯಿ ಬಿಟ್ಟ. ಅವರ ಲೈನಲ್ಲಿ ಹಗ್ಗ ಇರುತ್ತಂತೆ, ಯಾರಿಗೆ ಏನೇ ಅನುಮಾನ ಬಂದ್ರೂ, ಹೊಸ ಹುಡುಗನೇ ಆಗ್ಲಿ, ಎಳೀಬಹುದು, ಎಳೆದ್ರೆ ಮೇಲೆ ಬೋರ್ಡಲ್ಲಿ ಲೈಟ್ ಹತ್ಕೊಳ್ಳುತ್ತೆ, ಲೀಡರ್ ಓಡಿ ಬರ್ತಾನೆ, ಸರಿಯಾಗ್ಲಿಲ್ಲ ಅಂದ್ರೆ ಲೈನೇ ನಿಲ್ಲುತ್ತೆ. ಅದಕ್ಕೆ ಅಂಡೋನ್ ಅಂತಾರೆ, ಜಪಾನಲ್ಲಿ ಹಂಗಂದ್ರೆ ಕಾಗದದ ಲಾಂದ್ರ. "ಲೈಟ್ ಬಂದ್ರೆ ನಾವು ಫ್ಯಾಕ್ಟರಿ ನಿಲ್ಸ್ತೀವಿ, ನೀನು ಲೈಟ್ನೇ ಆರಿಸ್ದೆಯಲ್ಲೋ" ಅಂದ. ಅಪ್ಪ ಅನ್ನ ಕಲಸ್ತಾ "ಎಳೆ ಕಡಿದಿದ್ದು ಗೊತ್ತಾದ್ಮೇಲೂ ಬೇಸಿನ್ ತಿರುಗ್ಸಿದ್ರೆ ನೂಲು ಬರುತ್ತೇನೋ, ಕಸ ಬರುತ್ತೆ" ಅಂದ್ರು. ಮರ್ಯಾದೆ ಪೂರ್ತಿ ಹೋಯ್ತು.

ತಮಾಷೆ ಅಂದ್ರೆ ಅಪ್ಪ ಗೊತ್ತಿಲ್ದೆ ಹೇಳಿದ್ದೇ ಟೊಯೋಟಾದ ಮೂಲ. ಆಮೇಲೆ ಕೂತ್ಕೊಂಡು ಓದಿದೆ. ಸಕಿಚಿ ಟೊಯೋಡ ಅಂತ ಬಡಗಿ ಮಗ, ಅಮ್ಮ ಕೈಮಗ್ಗದಲ್ಲಿ ನೇಯೋ ಕಷ್ಟ ನೋಡಿ ಮಗ್ಗ ಸುಧಾರಿಸೋಕೆ ಹೊರಟೋನು. 1924ರಲ್ಲಿ ಆತ ತಂದ ಆಟೋಮ್ಯಾಟಿಕ್ ಮಗ್ಗದಲ್ಲಿ ಒಂದೇ ಒಂದು ಎಳೆ ಕಡಿದ್ರೂ ಮಗ್ಗ ತಾನಾಗೇ ನಿಲ್ಲೋದು. ಮಗ್ಗದ ಮುಂದೆ ಒಬ್ರನ್ನ ಕಾವಲು ನಿಲ್ಸ್ಬೇಕಾಗಿಲ್ಲ, ಒಬ್ರೇ ಹತ್ತಾರು ಮಗ್ಗ ನೋಡ್ಕೋಬಹುದು. ಅದರ ಹಕ್ಕನ್ನ 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ 1 ಲಕ್ಷ ಪೌಂಡಿಗೆ ಕೊಟ್ರು, ಕಾರಿಗೆ ಬೀಜದ ದುಡ್ಡು ಅದೇ ಅಂತ ಹೇಳ್ತಾರೆ. ಮಗ ಕೀಚಿರೊ 1933ರಲ್ಲಿ ಮಗ್ಗದ ಫ್ಯಾಕ್ಟರಿಯೊಳಗೇ ಮೋಟಾರು ವಿಭಾಗ ಶುರು ಮಾಡ್ದ, 1937ರಲ್ಲಿ ಬೇರೆ ಕಂಪನಿ ಆಯ್ತು. ಹೆಸರು ಟೊಯೋಡ ಹೋಗಿ ಟೊಯೋಟ ಆಗಿದ್ದು ಯಾಕೆ ಗೊತ್ತಾ, ಅವರ ಲಿಪಿಯಲ್ಲಿ ಎಂಟು ಗೀಟಲ್ಲಿ ಬರೆದು ಮುಗಿಯುತ್ತೆ, ಎಂಟು ಅವರಿಗೆ ಅದೃಷ್ಟದ ನಂಬರು. ನಮ್ಮಲ್ಲಿ ಹೆಸರಿಗೆ ಇನ್ನೊಂದು ಅಕ್ಷರ ಸೇರ್ಸಿ ಬೋರ್ಡ್ ಹಾಕ್ತಾರಲ್ಲ, ಅದೇ ಕಥೆ. ಇನ್ನೊಂದು ವಿಷಯ, ಬಿಡದಿಗೆ ಕಾರು ಬರೋಕ್ಕೂ ಮುಂಚೆನೇ, 1995ರಲ್ಲಿ, ಕಿರ್ಲೋಸ್ಕರ್ ಜೊತೆ ಸೇರಿ ಬೆಂಗಳೂರಲ್ಲಿ ನೂಲುವ ಯಂತ್ರದ ಕಂಪನಿ ಮಾಡಿದ್ರು ಅವ್ರು.

ಸರಿ, ನಿಮ್ ಪ್ರಶ್ನೆಗೆ ಬರ್ತೀನಿ. 1.4 ಲಕ್ಷ ಓಡಿದೆಯಾ 2.4 ಲಕ್ಷ ಓಡಿದೆಯಾ ಅನ್ನೋದು ಪ್ರಶ್ನೆನೇ ಅಲ್ಲ. ಮೀಟರ್ ಹಿಂದಕ್ಕೆ ತಿರುಗ್ಸೋದು ನಮ್ ದೇಶದಲ್ಲಿ ದೊಡ್ಡ ವಿದ್ಯೆ ಏನಲ್ಲ, ನನ್ ಗಾಡಿನೂ ನಿಜವಾಗ್ಲೂ ಎಷ್ಟು ಓಡಿತ್ತೋ ಆ ಮಂಜುನಾಥನೇ ಬಲ್ಲ. "ಖರ್ಚೇ ಬರಲ್ಲ" ಅನ್ನೋದೂ ಸುಳ್ಳು. 4 ಲಕ್ಷ, 5 ಲಕ್ಷ ಓಡಿರೋ ಟ್ಯಾಕ್ಸಿ ಇನೋವಾಗಳನ್ನ ನಾನೇ ನೋಡಿದೀನಿ, ಆದ್ರೆ ಅವು ಓಡಿರೋದು ಡ್ರೈವರಣ್ಣಂದಿರು ಹೊಟ್ಟೆಪಾಡಿಗೆ ಹೆದರಿ ಆಯಿಲ್ಲು, ಫಿಲ್ಟರ್ರು, ಬೆಲ್ಟು ಎಲ್ಲಾ ಟೈಮಿಗೆ ಸರಿಯಾಗಿ ಹಾಕ್ಸಿದ್ದಕ್ಕೆ. ನಂಗೆ ಕೇಳಿದ್ರೆ ಬಿಲ್ ಇರೋ 3 ಲಕ್ಷದ ಗಾಡಿ ತಗೊಳ್ಳಿ, ಬಿಲ್ ಇಲ್ಲದಿರೋ 1.4 ಲಕ್ಷದ್ದು ಬೇಡ. 1.4 ಲಕ್ಷ ಅಂದ್ರೆ ಬೆಲ್ಟ್ ಒಂದು ಸಲ ಬದಲಾಗಿರ್ಲೇಬೇಕು, ಆ ಬಿಲ್ಲಲ್ಲಿ ಬೆಲ್ಟ್ ಜೊತೆ ಟೆನ್ಷನರ್ ಕೂಡ ಇದೆಯಾ, ಎಷ್ಟು ಕಿಲೋಮೀಟರ್‌ಗೆ ಅಂತ ಬರೆದಿದೆಯಾ ನೋಡಿ. "ಲೈಟ್ ಬಂದಿಲ್ಲ ಸಾರ್" ಅಂದ್ರೆ ಎದ್ದು ಬನ್ನಿ. ಬಿಲ್ ಇಲ್ಲ ಆದ್ರೆ ಗಾಡಿ ಬಿಡೋಕೆ ಮನಸ್ಸಿಲ್ಲ ಅಂದ್ರೆ ರೇಟಲ್ಲಿ ಬೆಲ್ಟಿನ ದುಡ್ಡು ಕಡಿಸ್ಕೊಂಡು, ಮನೆಗೆ ಹೋಗೋಕ್ಕೆ ಮುಂಚೆ ನೇರ ಗ್ಯಾರೇಜಿಗೆ ಹೋಗಿ ಹಾಕ್ಸಿ, ಪೂಜೆ ಆಮೇಲೆ ಮಾಡ್ಸಬಹುದು. 2012ರ ಗಾಡಿ ಅಂದ್ರೆ 15 ವರ್ಷಕ್ಕೆ ಆರ್‌ಸಿ ರಿನೀವಲ್, ಎಫ್‌ಸಿ ಎಲ್ಲಾ ತಲೆ ಮೇಲೇ ಇದೆ, ಅದನ್ನೂ ರೇಟಲ್ಲಿ ಹಿಡೀರಿ. ಡೆಲ್ಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿಷೇಧ ಬಂದ್ಮೇಲೆ ಅಲ್ಲಿಂದ ಅಗ್ಗಕ್ಕೆ ಬಂದಿರೋವೂ ಇವೆ, ನಾನಾದ್ರೆ ಕಣ್ಣೆತ್ತೂ ನೋಡಲ್ಲ. ಹೊಸ ಚಿಕ್ಕ ಏಳು ಸೀಟರ್ ವಿಷಯ ಅದನ್ನ ಓಡ್ಸೋರನ್ನೇ ಕೇಳಿ, ಕೊನೇ ಸೀಟಲ್ಲಿ ನಮ್ಮಪ್ಪನ್ನ ಕೂರ್ಸಿ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗೋ ಧೈರ್ಯ ನಂಗಂತೂ ಇಲ್ಲ.

ನನ್ ಗಾಡಿ ಮಾರಿಲ್ಲ. 3 ಲಕ್ಷದ 8 ಸಾವಿರ ಆಗಿದೆ, ಬೆಲ್ಟ್ ಮತ್ತೆ 2 ಲಕ್ಷದ 95 ಸಾವಿರಕ್ಕೇ ಹಾಕ್ಸಿದೆ, ಲೈಟಿಗೆ ಕಾಯ್ಲಿಲ್ಲ. ಭಾವ ಈಗ್ಲೂ ನಮ್ಮನೆಗೆ ಬಂದ್ರೆ ಮೊದ್ಲು ಗ್ಲವ್ ಬಾಕ್ಸ್ ತೆಗೆದು ಬಿಲ್ ನೋಡ್ತಾನೆ, ಆಮೇಲೇ ಕಾಫಿ. ನಿಮ್ಮ ಪಾರ್ಟಿ ಬಿಲ್ ಕೊಟ್ರೆ ಹೆಸರು, ನಂಬರ್ ಮುಚ್ಚಿ ಕೆಳಗೆ ಫೋಟೋ ಹಾಕಿ, ಭಾನುವಾರ ಅವನು ಬರ್ತಾನೆ, ತೋರ್ಸಿ ಹೇಳ್ತೀನಿ.